ಹೇಗಿತ್ತು ಎಂದು ಬೆರಿಲ್ ಕೇಳಿದ್ದಕ್ಕೆ

ಎರಡೆರಡು ಸಲ ಕರೆಸಿಕೊಳ್ಳುವ ಊರು ಇದು, ವಾಗಾ ವಾಗಾ.
ಮೆಲ್ಲ ಮೆಲ್ಲ, ಬಿಸಿ ಬಿಸಿ ಎನ್ನುವ ನಾಲಿಗೆಗೆ
ಕಷ್ಟವೇನೂ ಆಗಲಿಲ್ಲ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಎಕ್ಸ್‌ರೇ ಕೋಣೆ.
ಗುರುವಾರ ಸಂಜೆ ಬೆರಿಲ್ ಪುಸ್ತಕದ ಗಾಡಿ ತಳ್ಳಿಕೊಂಡು ಬರುತ್ತಾಳೆ,
ಒಂದು ಚಕ್ರ ಕಿರುಚುತ್ತ, ಮೂರು ಸುಮ್ಮನೆ.
ಒಂದಕ್ಕೆ ಎರಡು ಡಾಲರ್, ಬಿಸ್ಕತ್ತಿನ ಹಳೇ ಡಬ್ಬಿಗೆ.
ಹಿಂದಿರುಗಿಸುವಾಗ "ಹೇಗಿತ್ತು?" ಎನ್ನುತ್ತಾಳೆ.
ಎಂಬತ್ತೊಂದು ವರ್ಷದ ಕಿವಿ, ಉತ್ತರ ಚಿಕ್ಕದಿದ್ದಷ್ಟೂ ಒಳ್ಳೆಯದು.
"ಚೆನ್ನಾಗಿತ್ತು" ಅಂದುಬಿಡುತ್ತೇನೆ.

ಪೂರ್ತಿ ಉತ್ತರ ಇಲ್ಲಿದೆ, ಬೆರಿಲ್.

ನೀಲಿ ಹೊದಿಕೆಯದು, ಹಡಗಿನ ಮೇಲೆ ಕೊಲೆ:
ಐನೂರ ಹನ್ನೆರಡು ಪುಟದ ಬೆಟ್ಟ ಅಗೆದು ಇಲಿ ಹಿಡಿದರು.
ಆ ಇಲಿಯನ್ನು ನಾಲ್ಕನೇ ಅಧ್ಯಾಯದಲ್ಲೇ ನಾನು ಕಂಡಿದ್ದೆ,
ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ
ಹೆಗಲು ಒರೆಸಿಕೊಳ್ಳುತ್ತಿದ್ದ ಅಡುಗೆಯವನು.

ಇನ್ನೊಂದರಲ್ಲಿ ಪತ್ತೇದಾರನಿಗೆ
ಮುನ್ನೂರನೇ ಪುಟದಲ್ಲಿ ಮೂರು ಪಕ್ಕೆಲುಬು ಮುರಿಯುತ್ತವೆ,
ಮುನ್ನೂರ ಮೂರರಲ್ಲಿ ಗೋಡೆ ಹಾರುತ್ತಾನೆ.
ಕ್ಷಮಿಸು, ಮೂಳೆ ನೋಡುವುದು ನನ್ನ ಕಸುಬು.
ಪಕ್ಕೆಲುಬು ಮುರಿದವರು ಸೀನುವುದಕ್ಕೂ ಹೆದರುತ್ತಾರೆ.
ಮೊನ್ನೆ ರಾತ್ರಿ ಟಗರು ಗುದ್ದಿಸಿಕೊಂಡು ಬಂದವನು, ಆರಡಿ ದೇಹ,
ಉಸಿರು ಹಿಡಿದುಕೋ ಅಂದರೆ
ಅಳು ಹಿಡಿದುಕೊಂಡ.
ಅವನ ಮೇಲೆ ಯಾರಾದರೂ ಬರೆದಿದ್ದರೆ ಒಂದೇ ಕೂತಲ್ಲಿ ಓದುತ್ತಿದ್ದೆ.

ಅಂತರಿಕ್ಷದ್ದು ವಾಸಿ. ಬೆಳ್ಳಿ ಅಕ್ಷರದ್ದು,
ನಾನೂರು ವರ್ಷ ಮಲಗಿ ಎದ್ದವರ ಕಥೆ.
ಎದ್ದವರೇ ಯುದ್ಧಕ್ಕೆ ಹೊರಟರು; ಒಬ್ಬರಿಗೂ ಮಂಡಿ ಹಿಡಿದುಕೊಳ್ಳಲಿಲ್ಲ!
ನನಗೆ ರಾತ್ರಿಪಾಳಿ ಮುಗಿಸಿ ಹಗಲು ಮಲಗಿ ಎದ್ದರೆ
ಇವತ್ತು ಯಾವ ವಾರವೆಂದು ತಿಳಿಯಲು ಎರಡು ಲೋಟ ಕಾಫಿ ಬೇಕು.
ಮೂವತ್ತು ಜನರ ಆ ನೌಕೆಯಲ್ಲಿ ಕಕ್ಕಸು ತೊಳೆದವರಾರು? ಬರೆದಿಲ್ಲ.
ಆದರೂ ಒಂದು ಕಡೆ,
ಕಿಟಕಿಯಾಚೆ ಭೂಮಿ ಸಾಸಿವೆಯಷ್ಟಾಗಿ, ಆಮೇಲೆ
ಸಾಸಿವೆಯೂ ಇಲ್ಲವಾದ ಹೊತ್ತಿಗೆ
ಒಬ್ಬಳು ಗಡಿಯಾರದ ಮುಳ್ಳು ತಿರುಗಿಸದೆ ಹಾಗೇ ಬಿಟ್ಟಳು.
ಅಲ್ಲಿ ಪುಸ್ತಕ ಮಡಿಚಿಟ್ಟೆ. ನಾಲ್ಕೂ ಇಪ್ಪತ್ತು.
ಊರಲ್ಲಿ ಯಾರೂ ಕಾಲು ಮುರಿದುಕೊಂಡಿರಲಿಲ್ಲ.

ನಿನಗೆ ಹೇಳದ ಸಂಗತಿ ಒಂದಿದೆ.
ನಿನ್ನ ಗಾಡಿಯ ಪುಸ್ತಕಗಳನ್ನು ನನಗಿಂತ ಮೊದಲು
ಯಾರೋ ಪೆನ್ಸಿಲ್ ಹಿಡಿದು ಓದುತ್ತಾರೆ.
ಅಂಚಿನಲ್ಲಿ ಇರುವೆಯಂಥ ಅಕ್ಷರ: "ಇವಳೇ." "ಬೊಗಳೆ."
"ಈ ಊರಿಗೆ ರೈಲೇ ಇಲ್ಲ."
ಮೊದಮೊದಲು ಸಿಟ್ಟು ಬಂತು, ರಬ್ಬರು ತಂದಿಟ್ಟುಕೊಂಡೆ.
ಆಮೇಲೆ ಗೊತ್ತಾಯಿತು, ಹತ್ತಕ್ಕೆ ಎಂಟು ಸಲ ಅವನು ಎಡವುತ್ತಾನೆ.
(ಅವಳೋ? ಆ ಹಟ ನೋಡಿದರೆ ಅವನೇ.)
ವಿಧವೆಯೆಂದರೆ ಅನುಮಾನ, ಗಡ್ಡದವನೆಂದರೆ ಅನುಮಾನ,
ನಾಯಿ ಸಾಕಿದವರ ಮೇಲೆ ಮಾತ್ರ ಎಂದೂ ಇಲ್ಲ.
ನಾಯಿಯ ಯಜಮಾನನೇ ಕೊಂದ ಕಥೆಯ ಕೊನೆಗೆ
ಕಾಗದ ಹರಿಯುವಷ್ಟು ಒತ್ತಿ: "ಒಪ್ಪುವುದಿಲ್ಲ."
ಆ ರಾತ್ರಿ ಖಾಲಿ ಕೋಣೆಯಲ್ಲಿ ಒಬ್ಬಳೇ ನಕ್ಕೆ.

ಈ ವಾರದ್ದು ಶನಿಗ್ರಹದ ಹತ್ತಿರ ಕೆಟ್ಟುನಿಂತ ನೌಕೆ.
ಇನ್ನೂರ ಹನ್ನೊಂದರವರೆಗೆ ಪೆನ್ಸಿಲ್ ಜೊತೆಗೇ ಬಂತು,
"ಗಾಳಿ ಇಷ್ಟು ದಿನ ಸಾಲದು", "ಲೆಕ್ಕ ತಪ್ಪು".
ಆಮೇಲೆ ಬರೀ ಅಚ್ಚು.
ಮನೆಗೆ ಹೋಗಿರಬಹುದು. ಕನ್ನಡಕ ಕಳೆದಿರಬಹುದು.
ಬೇಜಾರಾಗಿರಬಹುದು, ನಡುವೆ ಕಥೆ ಬೇಜಾರೇ.
ಮೂರನೇ ಮಹಡಿಯ ನರ್ಸುಗಳನ್ನು ಕೇಳಿದರೆ ಗೊತ್ತಾಗುತ್ತದೆ.
ಕೊನೆಯ ಪುಟ ಮೊದಲೇ ಓದುವ ಚಟ ನನಗಿಲ್ಲ.

ನಿನ್ನೆ ಒಂದು ಪೆನ್ಸಿಲ್ ಕೊಂಡೆ.
ಇನ್ನೂರ ನಲವತ್ತರಲ್ಲಿ ಆ ಬಾಗಿಲು ತೆರೆದಿಟ್ಟವನು
ಎಂಜಿನಿಯರನೇ ಎಂದು ನನಗೆ ಗಟ್ಟಿ ಅನುಮಾನ.
ಬರೆದೆ: "ಇವನೇ. ಇವನಿಗೆ ನಾಯಿಯಿಲ್ಲ."
ಇಂಗ್ಲಿಷಿನಲ್ಲೇ ಬರೆದೆ, ಮತ್ತೆ ಅವನ ಕೈಗೆ ಸಿಕ್ಕರೆ ಓದಲಿ ಎಂದು.

ಹೇಗಿತ್ತು ಎಂದೆಯಾ, ಬೆರಿಲ್?
ಇನ್ನೂ ಮುಗಿದಿಲ್ಲ. ತಗೋ, ಮತ್ತೆರಡು ಡಾಲರ್,
ಬರುವ ಗುರುವಾರದವರೆಗೆ ಇದು ನನ್ನ ಬಳಿಯೇ ಇರಲಿ.