ಬಿಳಿ ಸೆರಗು

ಇಲಕಲ್ಲಿನ ಸರಕಾರಿ ದವಾಖಾನೆ, ಹನ್ನೊಂದನೇ ಖೋಲಿ.
ಬಾಗಿಲಿಗೆ ಚಿಲಕವಿದೆ, ಬೀಳುವುದಿಲ್ಲ.
ಒಳಗಿನಿಂದ ಒಂದು ಕುರ್ಚಿ ಒತ್ತಿಟ್ಟು
ಆಮೇಲೆ ಕೇಳುತ್ತೇನೆ: "ಈಗ ಹೇಳ್ರಿ."

ದಾನಮ್ಮ ಹೇಳಲಿಲ್ಲ.
ಬೆರಳಿನ ಬೂದಿ ತಿಕ್ಕುತ್ತ ಕೂತಳು.
ಎಳೆ ಹೊಸೆಯುವವರ ಬೆರಳಿಗೆ ಅದು ಇದ್ದೇ ಇರುತ್ತದೆ;
ಸೀರೆಯ ಒಡಲಿಗೆ ಸೆರಗು ಕೂಡಿಸಿ
ಸಾವಿರಾರು ಕೊಂಡಿ ಹಾಕುವ ಕೆಲಸ ಅವಳದು.
ಕಡೆಗೆ ನೆಲಕ್ಕೆ ಹೇಳಿದಳು:
"ಬಿಳಿ ಸೆರಗ ಹೊಂಟೈತ್ರಿ. ಕಿಬ್ಬೊಟ್ಟಿ ಹಿಂಡಿದಂಗ ಆಕ್ಕೈತಿ.
ಅತ್ತಿ ಉಷ್ಣ ಅಂತಾಳ. ಜೀರಿಗಿ ನೀರ ಕುಡದೆ, ಸಬ್ಬಕ್ಕಿ ಗಂಜಿ ಕುಡದೆ,
ಮೂರ ತಿಂಗಳಾತು."

ನಮ್ಮೂರಲ್ಲಿ ಸೆರಗೆಂದರೆ ಕೆಂಪು,
ತೋಪು ತೆನೆಯ ಬಿಳಿ ಹಲ್ಲು ಅದರೊಳಗೆ.
ಪೂರಾ ಬಿಳಿಯದನ್ನು ಯಾವ ಮಗ್ಗವೂ ನೇಯುವುದಿಲ್ಲ.
ಆದರೂ ಎಷ್ಟು ಹೆಂಗಸರು
ಅದನ್ನುಟ್ಟೇ ಬರುತ್ತಾರೆ ಈ ಖೋಲಿಗೆ,
ನಿರಿಗೆಯೊಳಗೆ ಅಡಗಿಸಿ.

ಡಾಕ್ಟರಮ್ಮ ನೋಡಿ ಚೀಟಿ ಬರೆದರು, ಮಾತು ನನಗೆ ಬಿಟ್ಟರು.
ಉಷ್ಣ ಅಲ್ಲ, ಅಂದೆ. ಯಾರ ಕಣ್ಣೂ ತಾಗಿಲ್ಲ.
ಕ್ಲಮೈಡಿಯಾ ಅಂತ ಒಂದು ಸೂಕ್ಷ್ಮ ಜೀವಿ ಇರಬಹುದು,
ಇಲ್ಲಾ ಅದರ ಓರಗೆಯದು.
ಕೂಡಿದಾಗ ದಾಟುತ್ತದೆ, ದಾಟಿ ಸುಮ್ಮನೆ ಕೂರುತ್ತದೆ.
ಎಷ್ಟೋ ಜನಕ್ಕೆ ಉರಿಯಿಲ್ಲ, ಹುಣ್ಣಿಲ್ಲ, ಸುಳಿವೇ ಇಲ್ಲ.
ಹಾಗೇ ಬಿಟ್ಟರೆ ಗರ್ಭದ ನಾಳ ಕಟ್ಟಿಕೊಳ್ಳಬಹುದು.
ಗುಳಿಗೆಗೆ ಸಾಯುತ್ತದೆ. ಅಷ್ಟೇ ಅದರ ಪೌರುಷ.

"ಯಾರ ತಂದದ್ದರಿ?"

ಅದಕ್ಕೆ ತಾರೀಖು ಇರುವುದಿಲ್ಲ, ದಾನಮ್ಮಾ.
ಹೋದ ವರ್ಷದ್ದಿರಬಹುದು, ಮೊನ್ನೆಯದಿರಬಹುದು.
ಇದನ್ನು ಹೇಳುವಾಗ ಪ್ರತಿ ಸಲ
ನನ್ನ ದನಿ ತುಸು ಜಾಣವಾಗುತ್ತದೆ.
ಖರೇ ಮಾತೇ. ಆದರೂ ಹಸಿದವಳಿಗೆ
ಅರ್ಧ ರೊಟ್ಟಿ ಮುರಿದುಕೊಟ್ಟ ಹಾಗೆ.

ಹಳದಿ ಪೆಟ್ಟಿಗೆ ನಿನಗೆ, ಹದಿನಾಲ್ಕು ದಿನ;
ನೋವು ನಿಂತಿತೆಂದು ನಡುವೆ ಬಿಡಬೇಡ.
ಬೂದಿ ಬಣ್ಣದ್ದು ಅವನಿಗೆ. ಬಂದರೆ ಛಲೋ,
ಬರದಿದ್ದರೆ ನೀನೇ ಒಯ್ಯಿ.

"ಅವರಿಗೇನೂ ಆಗಿಲ್ರಿ, ಗಟ್ಟಿ ಅದಾರ."

ಮೇಜಿನ ಮೇಲೆ ಪೆನ್ನನ್ನು ಅತ್ತ ಉರುಳಿಸಿದೆ, ಇತ್ತ ಉರುಳಿಸಿದೆ.
"ನಿನ್ನ ಕಡಿ ಅಷ್ಟ ವಾಸಿ ಮಾಡಿದರ..."
"ಲಾಳಿ," ಅಂದಳು ಅವಳೇ.
ಮಗ್ಗದ ಮನೆಯವಳು, ಮುಂದೆ ಹೇಳಗೊಡಲಿಲ್ಲ.

ಹದಿನೈದನೇ ದಿನ ಬಂದಳು.
ಹಳದಿ ಖಾಲಿ. ಬೂದಿ ಬಣ್ಣದ್ದು ಒಡೆಯದೆ ವಾಪಸು,
ಒಂದು ಮೂಲೆ ಜಜ್ಜಿತ್ತು.
"ಗ್ವಾಡಿಗೆ ಒಗದರು."
ಸ್ವಲ್ಪ ಹೊತ್ತು ಬಿಟ್ಟು:
"ನಾ ಜಮಖಾನಿ ಬ್ಯಾರೆ ಹಾಸಿಕೊಂಡೇನಿ. ಅವರು ನುಂಗೂತನಾ."

ಪ್ರಭುಲಿಂಗ ಬಂದದ್ದು ಮಂಗಳವಾರ,
ಬಿಪಿ ನೋಡುವ ಸಾಲಿನಲ್ಲಿ ನಿಂತು, ಸಾಲು ಮುಗಿದ ಮೇಲೂ ನಿಂತು.
"ಆ ಬೂದಿ ಬಣ್ಣದ್ದು ಕೊಡ್ರಿ."
ಯಾವ ಗುಳಿಗೆಯಾದರೂ ಮೈಗೆ ಆಗಿಬರುವುದಿಲ್ಲವೇನೆಂದು ಕೇಳಿ
ಎದುರಿಗೇ ನುಂಗಿಸಿದೆ, ಗಡಿಗೆಯ ನೀರಿನಲ್ಲಿ.
ಏಳು ದಿನ ದೂರ, ಅಂದೆ.
ಆಮೇಲೆ ನಿರೋಧ್. ಮನೆಯಲ್ಲಿ,
ಮನೆ ದಾಟಿ ಎಲ್ಲಿ ಹೋದರೂ.
ರಕ್ತಕ್ಕೂ ತೋಳು ಮಡಚಿದ, ಸೂಜಿ ಕಡೆ ನೋಡದೆ.
ಏಳುವಾಗ ಕೇಳಿದ: "ಹೆಸರ ಬರೀತೀರೇನು?"
"ನಂಬರ ಅಷ್ಟ."
ಆ ಮನೆಯಲ್ಲಿ ಆಮೇಲೆ ಏನು ಮಾತಾಯಿತೋ
ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಶ್ರಾವಣದ ಹೊತ್ತಿಗೆ ದಾನಮ್ಮ ಮತ್ತೆ ಬಂದಳು.
ಎದೆ ಧಸಕ್ಕೆಂದಿತು.
"ನನಗಲ್ರಿ."
ಹಿಂದೆ ಅಡಗಿದ್ದ ನಾದಿನಿಯನ್ನು ಮುಂದೆ ದೂಡಿದಳು.
"ಬಾಗಲಾ ಬೀಳೂದಿಲ್ಲ, ಅಂಜಬ್ಯಾಡ. ನಾ ಅದೇನಿ."
ನನ್ನ ಕುರ್ಚಿಯನ್ನು ಹೊರಗೆಳೆದು
ಹೊಸ್ತಿಲಿಗೆ ಅಡ್ಡ ಹಾಕಿ ಕೂತಳು,
ಸಾಲಿನ ಕಡೆ ಮುಖ ಮಾಡಿ,
ಸೊಂಟದಿಂದ ಎಲೆ ಅಡಿಕೆ ತೆಗೆಯುತ್ತ.