ಬಳಸಿಲ್ಲ

ಬೆಡ್‌ಫರ್ಡಿನ ಈ ಬೀದಿಯ ಮನೆಗಳೆಲ್ಲ
ಇಟಲಿಯಿಂದ ಬಂದ ಅಪ್ಪಂದಿರು ಸುಟ್ಟ ಇಟ್ಟಿಗೆಯವೇ.
ಎರ್ಮಿನಿಯಾ ಗ್ಯಾರೇಜಿನ ಶಟರು ಎತ್ತಿದಳು, ಮೊಣಕಾಲು ಒತ್ತುಕೊಟ್ಟು.
ಟೊಮೇಟೊ ಬಾಟಲಿಗಳು, ಗಾಳಿಯಿಲ್ಲದ ಸೈಕಲ್ಲು,
ಅದರಾಚೆ ಅಪ್ಪನ ತಗಡಿನ ಡಬ್ಬಿ.

ಮುಚ್ಚಳ ತೆಗೆದೆ. ಹುಳಿ ಮೂಗಿಗಡರಿತು,
ಉಪ್ಪು ಸಾಲದೆ ಕೆಟ್ಟ ಮಾವಿನಮಿಡಿ ಜಾಡಿಯಂತೆ.
ಟೇಪು ಸಾಯುವಾಗ ಹೀಗೇ ನಾರುತ್ತದೆ.

ಪೆನ್ಸಿಲಿನಲ್ಲಿ: ರೋಮ್, ಅರವತ್ತೊಂದು, ಸೇತುವೆ,
ಮೂರನೇ ಟೇಕು, ಬಳಸಿಲ್ಲ.
ಹನ್ನೊಂದು ವರ್ಷ ನಾನು ಬೆನ್ನುಹತ್ತಿದ್ದು ಈ ‘ಬಳಸಿಲ್ಲ’ವನ್ನೇ.
ಸಿನಿಮಾದಲ್ಲಿ ಅವಳು ಸೇತುವೆ ದಾಟುವುದೇ ಇಲ್ಲ,
ಬೆಕ್ಕಿನಂತೆ ಕತ್ತರಿ ಅಡ್ಡ ಬಂತು.
ಅವಳಿಗೆಂದು ಬರೆದ ಎರಡು ನಿಮಿಷ ಎಲ್ಲಿಗೆ ಹೋಗಬೇಕು?

ಅಡುಗೆಮನೆ ಮೇಜಿನ ಮೇಲೆ ಮೆಷಿನ್ನು ಇಟ್ಟೆ. ಸುತ್ತಿತು.
ನಾಲ್ಕು ಪಿಟೀಲು, ಒಂದು ಹಾರ್ಪು,
ಆಮೇಲೆ ಅವಳಪ್ಪ, ಹಾರ್ನು ತುಟಿಗಿಟ್ಟು
ಉಸಿರೆಳೆದುಕೊಂಡ ಸದ್ದು

ಕಟಕ್.

“ದಿಸ್ ಈಸ್ ಎ ಬ್ರಿಕ್,” ಎಂದಿತು ಒಂದು ಒರಟು ಗಂಟಲು.
“ದಿಸ್ ಈಸ್ ಮೈ ಹ್ಯಾಂಡ್. ಐ ಆಮ್ ನಾಟ್ ಟಯರ್ಡ್.”
ಭಟ್ಟಿಯ ಪಾಳಿ ಮುಗಿಸಿ ಬಂದು, ತನ್ನ ಹಾರ್ನಿನ ಮೇಲೇ
ಇಂಗ್ಲಿಷ್ ಕಲಿತಿದ್ದಾನೆ ಪುಣ್ಯಾತ್ಮ, ಇಪ್ಪತ್ತು ನಿಮಿಷ.
ಮಾತಿನ ಸಂದಿಯಲ್ಲಿ ಸರಿಯಾಗಿ ಅಳಿಸದ ಪಿಟೀಲು
ಬಾಗಿಲ ಹಿಂದೆ ನಿಂತ ನೆಂಟನ ಹಾಗೆ.

ನಾನು ತಲೆಯ ಮೇಲೆ ಕೈಹೊತ್ತೆ.
ಅವಳು ಚಮಚ ಹಿಡಿದೇ ನಿಂತಿದ್ದಳು,
ಕಾಫಿ ಉಕ್ಕಿ ಒಲೆಗೆ ಹರಿಯುತ್ತಿತ್ತು.
“ಇನ್ನೊಮ್ಮೆ ಹಾಕು,” ಎಂದಳು. ಹಾಕಿದೆ.
ಮತ್ತೊಮ್ಮೆ.

“ಹಿಂದೆ ಏನೋ ಕೊಂಯ್‌ಗುಡ್ತಾ ಇದೆಯಲ್ಲ,
ಅದನ್ನ ತೆಗೆಯೋಕೆ ಬರುತ್ತಾ ನಿನಗೆ?”