ಆರು ಹತ್ತರ ಗಾಡಿ

ದಾವಣಗೆರೆ ಬಿಡುವುದು ಬೆಳಗಿನ ಆರು ಹತ್ತಕ್ಕೆ,
ದುರ್ಗ ಬಿಡುವುದು ಸಂಜೆಯ ಆರು ಹತ್ತಕ್ಕೆ.
ನಡುವೆ ಇನ್ನೆರಡು ಟ್ರಿಪ್ಪು ಇವೆ, ಬಿಡಿ,
ನಡುಮಧ್ಯಾಹ್ನದ ಬಗ್ಗೆ ಯಾರೂ ಜಗಳಾಡುವುದಿಲ್ಲ.

ರಸ್ತೆಯೇ ಹಾಗೆ ಮಲಗಿದೆ, ಆಗ್ನೇಯಕ್ಕೆ ತಲೆ ಇಟ್ಟು.
ಪುಷ್ಯಮಾಸದಲ್ಲಿ ಆನಗೋಡು ದಾಟುತ್ತಲೇ
ಸೂರ್ಯ ನೆಟ್ಟಗೆ ಗಾಜಿಗೆ ಬರುತ್ತಾನೆ,
ಡಿಮ್ ಮಾಡದ ಲಾರಿಯ ಹಾಗೆ.
ಕಾರಹುಣ್ಣಿಮೆಯ ಆಚೀಚೆ, ವಾಪಸು ಬರುವಾಗ,
ಅದೇ ಗಾಜಿಗೆ, ಅದೇ ಜಾಗಕ್ಕೆ.
ಡ್ರೈವರ್ ಓಬಳೇಶಣ್ಣ ಎರಡೂ ಹೊತ್ತು ತಲೆಮೇಲಿನ ಪಟ್ಟಿ ಕೆಳಗೆಳೆದು
ಎರಡೂ ಹೊತ್ತಿಗೆ ಒಂದೇ ಬೈಗುಳ ಬೈಯುತ್ತಾನೆ.

ನಾನು ಕಂಡಕ್ಟರ್. ಹನ್ನೊಂದು ವರ್ಷ
ಗಾಜಿಗೆ ಬೆನ್ನು ಕೊಟ್ಟು ನಿಂತವಳು.
ಉದಯವೆಂದರೆ ನನಗೆ
ಮೊದಲ ಸೀಟಿನ ಹಾಲಮ್ಮನ ಹಣೆ,
ಆಮೇಲೆ ಅವಳ ಮೂಗುಬಟ್ಟು,
ಆಮೇಲೆ ತೊಡೆಯ ಮೇಲಿನ ಬುಟ್ಟಿಯ ಒದ್ದೆ ಬಟ್ಟೆ,
ಅದರ ಸಂದಿಯಿಂದ ಇಣುಕುವ ಕನಕಾಂಬರ.
ಬೆಳಕು ಟಿಕೆಟ್ ಕೇಳುವವರಂತೆ
ಒಂದೊಂದೇ ಸಾಲು ಹಿಂದೆ ಹೋಗುತ್ತದೆ.
ನಾನು ಅದರ ಹಿಂದೆ ಹಿಂದೆ.

ಎಂಟನೇ ಸಾಲಿನಲ್ಲಿ ನರ್ಸ್ ನೂರ್‌ಜಬೀನ್,
ರಾತ್ರಿ ಪಾಳಿ ಮುಗಿಸಿ ದುರ್ಗದ ಮನೆಗೆ.
ಬಿಸಿಲು ಮುಟ್ಟಿದೊಡನೆ ದುಪಟ್ಟಾ ಮುಖಕ್ಕೆಳೆದು
ಅವಳು ನಿದ್ದೆಗೆ ಇಳಿಯುತ್ತಾಳೆ.
ಒಂದೇ ಗಾಡಿಯಲ್ಲಿ ಹಾಲಮ್ಮನಿಗೆ ಬೆಳಗಾಗಿ
ಅವಳಿಗೆ ರಾತ್ರಿಯಾಗುತ್ತದೆ,
ಇಬ್ಬರಿಗೂ ಟಿಕೆಟ್ ದರ ಒಂದೇ.

ಭರಮಸಾಗರಕ್ಕೆ ಇಳಿಯುವ ಪಂಪಾಪತಿ ಮೇಷ್ಟ್ರು ಒಮ್ಮೆ ಶುರು ಮಾಡಿದರು:
"ಉದಯವೇ ಚೆಂದ, ಕೈಯಲ್ಲಿ ಇಡೀ ದಿನ ಇರ್ತದೆ."
ಐಟಿಐ ಹುಡುಗನೊಬ್ಬ ಹಿಂದಿನಿಂದ,
"ಸಂಜೆದೇ ಚೆಂದ ಸಾರ್, ಅಲಾರಾಂ ಇಡಬೇಕಾಗಿಲ್ಲ."
ಹಾಲಮ್ಮ ಬುಟ್ಟಿಗೆ ನೀರು ಚಿಮುಕಿಸುತ್ತ,
"ಹೂವು ಖಾಲಿಯಾದ್ರೆ ಸಂಜೆ ಚೆಂದ.
ಉಳಿದ್ರೆ ಅದೂ ಇಲ್ಲ, ಇದೂ ಇಲ್ಲ."
ಓಬಳೇಶಣ್ಣನನ್ನು ಕೇಳಿದೆ.
ಟೋಲ್ ಗೇಟು ದಾಟುವವರೆಗೂ ಸುಮ್ಮನಿದ್ದ.
"ಬೆಳಗಿನದು ಮೇಲಕ್ಕೇರಿ ಪಟ್ಟಿಯ ಮರೆಗೆ ಹೋಗ್ತದೆ.
ಸಂಜೆದು ಪಟ್ಟಿಯ ಕೆಳಗೆ ನುಸುಳಿ
ಕಣ್ಣೊಳಗೇ ಇಳೀತದೆ.
ಅಷ್ಟೇ ನೋಡಮ್ಮ ವ್ಯತ್ಯಾಸ."

ಇನ್ನೂ ಒಂದಿದೆ ಎನಿಸುತ್ತದೆ ನನಗೆ.
ಬೆಳಿಗ್ಗೆ ಟಿಕೆಟ್ ಬೆನ್ನಿಗೆ ಬಾಕಿ ನಾಲ್ಕು ಎಂದು ಬರೆದರೆ
ಇಳಿಯುವ ಮುಂಚೆ ಮೂರು ಸಲ ಕೇಳುತ್ತಾರೆ.
ಸಂಜೆ ಬರೆದರೆ ಮರೆತು ಇಳಿಯುತ್ತಾರೆ,
ಕೆಂಪು ಬೆಳಕಿನಲ್ಲಿ ಬಾಯಿ ತೆರೆದು ಮಲಗಿದ್ದವರು,
ಚಪ್ಪಲಿ ಹುಡುಕುತ್ತ, ಮೊಬೈಲ್ ತಡಕುತ್ತ.
ನಾನು ಮೆಟ್ಟಿಲಲ್ಲಿ ನಿಂತು ಕೂಗುತ್ತೇನೆ: ರೀ, ನಿಮ್ಮ ಚಿಲ್ಲರೆ!

ಹೋದ ಜ್ಯೇಷ್ಠದಲ್ಲಿ, ಲಕ್ಷ್ಮೀಸಾಗರದ ಹತ್ತಿರ,
ಹಿಂದಿನ ಟೈರು ಉಸಿರು ಬಿಟ್ಟಿತು.
ಎಲ್ಲರನ್ನೂ ಇಳಿಸಿ ನಾನೂ ಇಳಿದೆ.
ಮೋಡ ಮಣ್ಣಿನಿಂದ ಒಂದು ಗೇಣು ಮೇಲೆ ನಿಂತಿತ್ತು,
ಆ ಗೇಣಿನೊಳಗೆ ಅವನು.
ಆಗಷ್ಟೇ ಮೊಳೆತ ಮೆಕ್ಕೆಜೋಳದ ಸಾಲು ಸಾಲಿಗೂ
ಒಂದೊಂದು ಗೆರೆ ಬೆಂಕಿ.
ಎಲ್ಲರ ಕೈಯೂ ಮೇಲೆದ್ದು, ಎಲ್ಲರ ಕೈಯಲ್ಲೂ ಮೊಬೈಲು.
ನಾನು ಬರಿಗಣ್ಣಿಂದ ನೋಡಿದೆ, ಸ್ವಲ್ಪ ಹೊತ್ತು.
ಆಮೇಲೆ ಹಳೆಯ ಚಾಳಿ,
ಬೆನ್ನು ತಿರುಗಿಸಿ ಮುಖಗಳನ್ನು ನೋಡಿದೆ.
ಹಾಲಮ್ಮನ ಮೂಗುಬಟ್ಟು ಉರಿಯುತ್ತಿತ್ತು,
ಅವಳ ಹಿಂದೆ ದೂರದ ಗುಡ್ಡದ ಫ್ಯಾನುಗಳ ರೆಕ್ಕೆತುದಿಯೂ.
ಎಣಿಸಿದೆ. ನಲವತ್ತೊಂದು.
ಒಂದು ತಲೆ ಕಡಿಮೆ.

ಗಾಡಿಯ ಅಡಿಯಿಂದ ಎರಡು ಕಾಲು ಹೊರಗಿದ್ದವು,
ಜಾಕಿನ ಪಕ್ಕ, ಗ್ರೀಸಿನಲ್ಲಿ.
"ಏನಮ್ಮ, ಮುಳುಗ್ತಾ?"
ನೋಡಿದೆ. ಗೇಣು ಖಾಲಿ.
"ಮುಳುಗ್ತಣ್ಣ."
"ಸದ್ಯ. ಇನ್ನು ಕಣ್ಣಿಗೆ ಹೊಡೆಯಲ್ಲ,
ಹತ್ತಿಸು ಎಲ್ಲರನ್ನೂ."